ಹಂಡೆಗೆ ವರ್ಷಕ್ಕೊಮ್ಮೆ ಉಜ್ಜುವ ಹಬ್ಬ ಉಂಟು, ಗೀಸರಿಗೆ ಎಂತ ಉಂಟು?

ಬಾವಿಕಟ್ಟೆ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕದಿಂದ ಸ್ವಲ್ಪ ಒಳಗೆ, ತೋಟದ ಮನೆ. ಹಳೆ ಬಚ್ಚಲಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆ ಈಗಲೂ ಉಂಟು. ಅಡಿಕೆ ಸಿಪ್ಪೆ, ಒಣ ಮಡಲು ಹಾಕಿ ಬೆಂಕಿ ಮಾಡಿದರೆ ಇಡೀ ಮನೆಗೆ ನೀರು. ಆದರೆ ಬೆಳಗ್ಗೆ ಮಕ್ಕಳ ಶಾಲೆ ಬಸ್ಸು, ನನ್ನ ಕೆಲಸ, ಒಲೆ ಮುಂದೆ ಕೂರಲು ಯಾರಿಗೆ ಪುರುಸೊತ್ತು? ಹೊಸ ಬಾತ್‌ರೂಮಿಗೆ 25 ಲೀಟರಿನ ಗೀಸರ್ ಹಾಕಿಸಿದ್ದೆವು.

ನಾಲ್ಕೂವರೆ ವರ್ಷ ಆಯಿತು. ಕಳೆದ ವಾರ ಅಡಿಯಿಂದ ಕಂದು ನೀರು ತೊಟ್ಟಿಕ್ಕಲು ಶುರು. ರಿಪೇರಿಯವರು ಬಂದು ಕವರ್ ತೆಗೆದು ನೋಡಿ, "ಟ್ಯಾಂಕೇ ತೂತು, ಹೊಸದು ತಗೊಳ್ಳಿ" ಎಂದರು. ಐದೇ ನಿಮಿಷದ ಕೆಲಸ.

ನನಗೆ ಬೇಸರ ಎಂತದ್ದೆಂದರೆ, ನಾನು ಸುಮ್ನೆ ಬಿಟ್ಟವನಲ್ಲ. ವಿಡಿಯೋ ನೋಡಿ ಎರಡು ಸಲ ಬಿಚ್ಚಿಸಿ ಕಾಯಿಲ್ ತೊಳೆಸಿದ್ದೆ. ಸುಣ್ಣ ಕಟ್ಟುತ್ತದೆ ಎಂದು ಎಲ್ಲರೂ ಹೇಳುತ್ತಾರೆ ಅಲ್ವಾ? ನಮ್ಮ ಕಾಯಿಲಿನಲ್ಲಿ ಸುಣ್ಣವೇ ಇರಲಿಲ್ಲ! ಆದರೂ ಟ್ಯಾಂಕ್ ಹೋಯಿತು. ಹೊಸದು ತರುವ ಮೊದಲು ತಿಳಿದವರು ಸ್ವಲ್ಪ ಹೇಳಿ.

ಉಪ್ಪಳದ ವಯರ್‌ಮ್ಯಾನ್

ಅಣ್ಣ, ಒಂದೇ ಪ್ರಶ್ನೆ. ಬಿಚ್ಚಿಸಿದಾಗ ಆನೋಡ್ ರಾಡ್ ನೋಡಿದ್ರಾ?

ಬಾವಿಕಟ್ಟೆ (ಬದಿಯಡ್ಕ)

ಅದು ಯಾವುದು ಮಾರಾಯ್ರೆ?

ಉಪ್ಪಳದ ವಯರ್‌ಮ್ಯಾನ್

ಅಲ್ಲಿಗೆ ಉತ್ತರ ಸಿಕ್ಕಿತು.

ಹಳೆ ಗೀಸರನ್ನು ಗುಜರಿಗೆ ಹಾಕಿಲ್ಲ ಎಂದಾದರೆ ಹೀಗೆ ಮಾಡಿ. ಅಡಿಯ ಕವರ್ ತೆಗೆಯಿರಿ. ಕಾಯಿಲ್ ಕೂತಿರುವ ದುಂಡು ಪ್ಲೇಟಿನ ಬೋಲ್ಟ್ ಬಿಚ್ಚಿ ಎಳೆಯಿರಿ. ಕಾಯಿಲಿನ ಪಕ್ಕದಲ್ಲೇ ಒಂದು ಕಡ್ಡಿ ನಿಂತಿರುತ್ತದೆ. ಹೊಸದಿದ್ದಾಗ ಅದು ಹೆಬ್ಬೆರಳಿನಷ್ಟು ದಪ್ಪ, ಬೂದು ಬಣ್ಣ. ಅದು ಮ್ಯಾಗ್ನೀಸಿಯಂ. ಈಗ ನಿಮ್ಮದರಲ್ಲಿ ಎಂತ ಉಳಿದಿದೆ ನೋಡಿ ಹೇಳಿ.

ಅದರ ಕೆಲಸ ಸಾಯುವುದು. ತಮಾಷೆ ಅಲ್ಲ. ಹೆಚ್ಚಿನ ಗೀಸರಿನ ಟ್ಯಾಂಕ್ ಸಾದಾ ಉಕ್ಕು, ಒಳಗಡೆ ಗಾಜಿನಂಥ ಲೇಪ. ಆ ಲೇಪದಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಇದ್ದೇ ಇರುತ್ತದೆ. ನೀರು ಅಲ್ಲಿ ಉಕ್ಕನ್ನು ತಿನ್ನಲು ಹೊರಟರೆ ಮ್ಯಾಗ್ನೀಸಿಯಂ ಮುಂದೆ ಬಂದು ತಾನೇ ಕರಗುತ್ತದೆ. ಕಡ್ಡಿ ಇರುವ ತನಕ ಟ್ಯಾಂಕಿಗೆ ರಕ್ಷೆ. ಕಡ್ಡಿ ಮುಗಿದ ಮೇಲೆ ನೀರು ಟ್ಯಾಂಕಿಗೇ ಬಾಯಿ ಹಾಕುತ್ತದೆ.

ಕಾಯಿಲ್ ತೊಳೆದವರು ಇದನ್ನು ನೋಡದೆ ವಾಪಸ್ ಇಟ್ಟಿದ್ದಾರೆ. ದಿನಾ ನೋಡುತ್ತೇನೆ ನಾನು ಇಂಥದ್ದು.

ಚಾದರ ಸೊಲ್ಲಾಪುರ

ನಮ್ಮ ಕಡೆ ಉಲ್ಟಾ ನೋಡ್ರಿ. ನಾನು ಅಕ್ಕಲಕೋಟದವ, ಈಗ ಸೊಲ್ಲಾಪುರದಾಗ ಇದ್ದೀನಿ. ಬೋರಿನ ನೀರು ಅಂದರ ಕಲ್ಲು ಕುಡದಂಗ. ಚಹಾದ ಪಾತೇಲಿ ಒಂದ ತಿಂಗಳದಾಗ ಒಳಗ ಬೆಳ್ಳಗ ಆಗ್ತದ. ಹೋದ ವರ್ಷ ನಮ್ಮ ಗೀಸರ್ ತೆಗದಾಗ ಕಾಯಿಲ್ ಕಾಣಲೇ ಇಲ್ರಿ. ತೆಂಗಿನಕಾಯಿ ಗಾತ್ರದ ಬಿಳಿ ಗಡ್ಡಿ. ತಳದಾಗಿಂದ ಎರಡು ತಾಟು ತುಂಬ ಚಕ್ಕಿ ಬಳದು ತೆಗದೆ, ಮೊಟ್ಟಿ ಸಿಪ್ಪಿ ಒಡದಂಗ ಇದ್ದುವು. ಅದಕ್ಕ ಮೊದಲು ಎರಡು ತಿಂಗಳಿಂದ ಗೀಸರ್ ಗುರ್ರ್ ಗುರ್ರ್ ಅಂತಿತ್ತು. ನಮ್ಮವ್ವ "ಒಳಗ ಯಾರರೆ ಅವಲಕ್ಕಿ ಹುರಿಯಾಕತ್ತಾರೇನು" ಅಂತಿದ್ದಳು.

ಆ ಸಪ್ಪಳ ಬಂತಂದರ ಸುಣ್ಣ ಕಟ್ಟೇತಿ ಅಂತ ತಿಳೀಬೇಕು. ತಳದ ಚಕ್ಕಿಯೊಳಗ ಸಿಕ್ಕ ನೀರು ಕುದ್ದು ಗುಳ್ಳಿ ಒಡೀತದ.

ಬಾವಿಕಟ್ಟೆ (ಬದಿಯಡ್ಕ)

ಬಿಚ್ಚಿ ನೋಡಿದೆ. ಕಡ್ಡಿ ಇಲ್ಲ! ಒಂದು ತುಕ್ಕು ಹಿಡಿದ ಸರಿಗೆ ಮಾತ್ರ ನಿಂತಿದೆ, ಸುರುಸುರು ಕಡ್ಡಿ ಉರಿದು ಉಳಿದ ಹಾಗೆ. ತುದಿಯಲ್ಲಿ ಅವರೆಕಾಳಿನಷ್ಟು ಬೂದು ತುಂಡು ಅಂಟಿಕೊಂಡಿತ್ತು. ಮುಟ್ಟಿದರೆ ಪುಡಿಯಾಯಿತು. ಕಾಯಿಲ್ ಮಾತ್ರ ಫಳಫಳ.

ಎರಡು ಸಲ ದುಡ್ಡು ಕೊಟ್ಟು ತೊಳೆಸಿದ್ದು ಈ ಫಳಫಳ ಕಾಯಿಲನ್ನು.

ಸುರಂಗದ ನೀರು (ಬಾಯಾರು)

ಅದರಲ್ಲಿ ಆಶ್ಚರ್ಯ ಇಲ್ಲ. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ) ನೆಲ. ಮಳೆ ನೀರು ಮುರದಲ್ಲಿ ಇಳಿದು ಬಾವಿಗೋ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕೋ ಬರುವಾಗ ಅದರಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಬಾಯಿಗೆ ಸಿಹಿ, ಸಾಬೂನು ಒಂದು ಸಲ ತಿಕ್ಕಿದರೆ ಎರಡು ಚೆಂಬು ನೀರು ಹೊಯ್ದರೂ ಜಾರುತ್ತಲೇ ಇರುತ್ತದೆ. ಮೆದು ನೀರು. ಆದರೆ ಸ್ವಲ್ಪ ಹುಳಿ ಗುಣ. ಕುಡಿಯುವ ನೀರಿನ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6.5ರಿಂದ 8.5ರ ಒಳಗೆ ಇರಬೇಕು ಎಂದು ಲೆಕ್ಕ. ನಮ್ಮ ಸುರಂಗದ ನೀರು ಪರೀಕ್ಷೆ ಮಾಡಿಸಿದಾಗ ಆರಕ್ಕಿಂತಲೂ ಕೆಳಗೆ ಬಂದಿತ್ತು. ಇಂಥ ನೀರು ಸುಣ್ಣ ಕಟ್ಟುವುದಿಲ್ಲ, ಲೋಹ ತಿನ್ನುತ್ತದೆ.

ಮನೆಯಲ್ಲೇ ಗುರುತು ಹಿಡಿಯಬಹುದು. ಬಿಳಿ ವಾಶ್‌ಬೇಸಿನ್ನಿನಲ್ಲಿ ಬಿಸಿನೀರಿನ ನಲ್ಲಿಯ ಕೆಳಗೆ ನವಿಲಿನ ಬಣ್ಣದ ಕಲೆ ಉಂಟಾ ನೋಡಿ. ಇದ್ದರೆ ಎಲ್ಲೋ ತಾಮ್ರವೋ ಹಿತ್ತಾಳೆಯೋ ಕರಗಿ ಬರುತ್ತಾ ಉಂಟು ಎಂದು ಅರ್ಥ.

ಹಿಂದಿನವರು ಬಾವಿ ಕೆಸರು ತೆಗೆದ ಮೇಲೆ ಚಿಪ್ಪಿನ ಸುಣ್ಣ ಹಾಕುತ್ತಿದ್ದರು ಅಲ್ವಾ? ನೀರಿನ ಹುಳಿ ತಗ್ಗಲು ಅದು ಒಳ್ಳೆಯದೇ. ಆದರೆ ಅಂದಾಜಿಗೆ ಸುರಿಯುವುದು ಬೇಡ.

ಉಪ್ಪಳದ ವಯರ್‌ಮ್ಯಾನ್

ಅದೇ ನಾನು ಹೇಳುವುದು. ವಿಡಿಯೋ ಮಾಡುವವರು ಗಡಸು ನೀರಿನ ಊರಿನವರು. ಅವರು ಸುಣ್ಣ ಸುಣ್ಣ ಎನ್ನುತ್ತಾರೆ. ನಾವು ಇಲ್ಲಿ ಕೂತು ಇಲ್ಲದ ಸುಣ್ಣ ತೊಳೆಯುವುದು. ನಿಮ್ಮ ನೀರು ಯಾವುದೆಂದು ಮೊದಲು ನೋಡಿಕೊಳ್ಳಿ, ಗೀಸರಿಗೆ ಕೈ ಹಾಕುವುದು ಆಮೇಲೆ.

ಖರ್ಚಿಲ್ಲದ ಪರೀಕ್ಷೆ ಹೇಳುತ್ತೇನೆ. ಪಾರದರ್ಶಕ ಬಾಟ್ಲಿಯಲ್ಲಿ ಅರ್ಧ ನೀರು, ಅದಕ್ಕೆ ಬಟ್ಟೆ ಸಾಬೂನಿನ ಚೂರು. ಪೌಡರ್, ಡಿಟರ್ಜೆಂಟ್ ಬಾರ್ ಬೇಡ, ಅದು ಎಲ್ಲ ನೀರಲ್ಲೂ ನೊರೆ ಬರುತ್ತದೆ. ಚೆನ್ನಾಗಿ ಕುಲುಕಿ. ಮೇಲೆ ದಪ್ಪ ನೊರೆ, ಕೆಳಗೆ ತಿಳಿ ನೀರು ಬಂದರೆ ಮೆದು. ನೊರೆ ಇಲ್ಲದೆ ಹಾಲು ಒಡೆದ ಹಾಗಾದರೆ ಗಡಸು.

ಮೆದು ನೀರಿನವರು ವರ್ಷಕ್ಕೊಮ್ಮೆ ಆನೋಡ್ ನೋಡಿ. ಅರ್ಧಕ್ಕರ್ಧ ಸವೆದಿದ್ದರೆ, ಒಳಗಿನ ಸರಿಗೆ ಕಂಡರೆ, ಬದಲಿಸಿ. ಕೆಲವು ನೂರು ರೂಪಾಯಿಯ ವಸ್ತು. ಗಡಸು ನೀರಿನವರು ಆನೋಡೂ ನೋಡಬೇಕು, ಕಾಯಿಲೂ ತೊಳೆಯಬೇಕು.

ಸಮುದ್ರದಂಡೆ (ಕಾಸರಗೋಡು)

ನಮ್ಮಂಥವರು ಎಲ್ಲಿಗೆ ಸೇರುವುದು? ಕಡಲಿನಿಂದ ಕೂಗಳತೆ ದೂರ ಮನೆ. ಮಳೆಗಾಲದಲ್ಲಿ ಬಾವಿ ನೀರು ಸಪ್ಪೆ, ಮಾರ್ಚ್ ಕಳೆದರೆ ಉಪ್ಪು. ಮೊದಲೆಲ್ಲ ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಯಲ್ಲಿ ಉಪ್ಪು ನೀರು ಬಾವಿಕ್ಕರೆ ತನಕ ಏರಿ ಬಂದು ಪೇಟೆಯ ನಲ್ಲಿ ನೀರೇ ಉಪ್ಪಾಗುತ್ತಿತ್ತು, ನೆನಪಿರಬಹುದು. ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ತಗೊಂಡರೆ ತಲೆಬಿಸಿ ಇಲ್ಲ ಎಂದರು ಅಂಗಡಿಯಲ್ಲಿ. ತಗೊಂಡೆ. ಮೂರನೇ ವರ್ಷ ವೆಲ್ಡಿಂಗ್ ಪಕ್ಕದಲ್ಲಿ ಸೂಜಿಯ ಮೊನೆಯಷ್ಟು ತೂತು.

ಉಪ್ಪಳದ ವಯರ್‌ಮ್ಯಾನ್

ಉಪ್ಪಿಗೂ ಸ್ಟೇನ್‌ಲೆಸ್ ಸ್ಟೀಲಿಗೂ ಆಗಿಬರುವುದಿಲ್ಲ ಅಕ್ಕ. ಇಡೀ ಟ್ಯಾಂಕ್ ಹೊಳೆಯುತ್ತಾ ಇರುತ್ತದೆ, ಒಂದೇ ಕಡೆ ಚುಚ್ಚಿ ತೂತು ಮಾಡುತ್ತದೆ. ಗಾಜಿನ ಲೇಪದ ಟ್ಯಾಂಕ್, ದಪ್ಪ ಆನೋಡ್, ಅದು ನಿಮಗೆ ಸರಿ. ಉಪ್ಪು ನೀರಿನಲ್ಲಿ ಆನೋಡ್ ಬೇಗ ಕರಗುತ್ತದೆ. ಆರು ತಿಂಗಳಿಗೊಮ್ಮೆ ನೋಡಿ. ಬೇಸಿಗೆ ಕಳೆದ ಕೂಡಲೇ ಒಂದು ಸಲ ಟ್ಯಾಂಕ್ ಖಾಲಿ ಮಾಡಿ ಹೊಸ ನೀರು ತುಂಬಿಸಿ.

ಮಡಕಶಿರಾ ಮೇಡಂ

ಟಿಡಿಎಸ್ ಮೀಟರ್ ಇಟ್ಟುಕೊಂಡು ಗಡಸು ಅಳೆಯುವವರಿಗೆ ಒಂದು ಮಾತು. ನೀರಲ್ಲಿ ಕರಗಿದ್ದು ಒಟ್ಟು ಎಷ್ಟು ಎಂಬ ಅಂದಾಜು ಅದರಲ್ಲಿ ಸಿಗುತ್ತದೆ ಅಷ್ಟೇ. ಅಡಿಗೆ ಉಪ್ಪು ಹಾಕಿದರೂ ಏರುತ್ತದೆ. ಗಡಸು ಎಂದರೆ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ. ಲ್ಯಾಬಿನಲ್ಲಿ ಬೇರೆಯಾಗಿ ಕೇಳಬೇಕು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ನಮ್ಮ ಬೀದಿಯ ಬೋರಿನದು ಆ 600ನ್ನೂ ದಾಟಿದೆ.

ಕಾಯಿಸಿದಷ್ಟೂ ಸುಣ್ಣ ಬೇರೆಯಾಗುತ್ತದೆ. ತಣ್ಣೀರಲ್ಲಿ ಕರಗಿ ಕೂತಿದ್ದು ಬಿಸಿಯಾದಾಗ ಬಿಳಿ ಪುಡಿಯಾಗಿ ಕಾಯಿಲ್ ಮೇಲೆ ಕೂರುತ್ತದೆ. 60 ಡಿಗ್ರಿ ದಾಟಿದ ಮೇಲಂತೂ ಜೋರು. ಅದಕ್ಕೇ ನಾನು ತಿರುಗಣಿಯನ್ನು ಪೂರ್ತಿ ಏರಿಸುವುದಿಲ್ಲ, 55ರಿಂದ 60ರ ನಡುವೆ ಇಟ್ಟಿದ್ದೇನೆ. 75ಕ್ಕೆ ಕಾಯಿಸಿ ಮೂರು ಬಕೆಟ್ ತಣ್ಣೀರು ಬೆರೆಸುವುದು ಯಾವ ಲೆಕ್ಕ? ತೀರಾ ಕೆಳಗಿಳಿಸುವುದೂ ಬೇಡ. ಉಗುರು ಬೆಚ್ಚಗಿನ ನೀರು ಟ್ಯಾಂಕಿನಲ್ಲಿ ನಿಂತರೆ ರೋಗಾಣು ಬೆಳೆಯುತ್ತವೆ.

ಗೀಸರ್ ನೀರನ್ನು ಅಡಿಗೆಗೆ, ಚಹಾಕ್ಕೆ ಹಿಡಿಯಬೇಡಿ. ನಮ್ಮ ಕಡೆ ಫ್ಲೋರೈಡ್ ಬೇರೆ ಇದೆ. ಕಾಯಿಸಿದರೆ ಅದು ಹೋಗುವುದಿಲ್ಲ.

ಹೊಸೂರು ರೋಜ

ಕಾಯಿಲ್ ತೊಳೆಯಲು ಬಾತ್‌ರೂಮ್ ಆಸಿಡ್ ಹಾಕಬಹುದಾ? ಪಕ್ಕದ ಮನೆಯವರು ಹಾಗೇ ಮಾಡುತ್ತಾರೆ, ಎರಡು ನಿಮಿಷದಲ್ಲಿ ಕ್ಲೀನ್.

ಚಾದರ ಸೊಲ್ಲಾಪುರ

ಬ್ಯಾಡ್ರಿ ತಾಯಿ. ಸುಣ್ಣದ ಜೊತಿ ಕಾಯಿಲಿನ ಹೊದಿಕೀನೂ ತಿಂತದ ಅದು. ಒಂದು ಲೀಟರ್ ಬೆಚ್ಚನ ನೀರಿಗೆ ಎರಡ ಮೂರು ಚಮಚ ನಿಂಬು ಉಪ್ಪು (ಸಿಟ್ರಿಕ್ ಆಸಿಡ್) ಹಾಕ್ರಿ. ಕಿರಾಣಿ ಅಂಗಡ್ಯಾಗ ಸಿಗ್ತದ. ಕಾಯಿಲಿನ ಬಾಗಿದ ಭಾಗ ಅಷ್ಟೇ ಮುಳುಗಲಿ, ವಯರ್ ಸೇರೋ ಮ್ಯಾಲಿನ ತುದಿ ಹಸಿ ಆಗಬಾರದು. ಗುಳ್ಳಿ ಏಳೋದು ನಿಲ್ಲೋ ತನಕ ಬಿಡ್ರಿ. ಮಂದ ಇದ್ದರ ನೀರು ಬದಲಿಸಿ ಮತ್ತೊಮ್ಮೆ. ಉಳಿದದ್ದು ಹಳೆ ಹಲ್ಲಿನ ಬ್ರಶ್‌ಲೆ ಉಜ್ಜರಿ. ಟ್ಯಾಂಕಿನ ಒಳಗ ಮಾತ್ರ ಸ್ಕ್ರೂಡ್ರೈವರ್ ಹಾಕಿ ಕೆರಿಬ್ಯಾಡ್ರಿ. ಗಾಜಿನ ಲೇಪ ಕಿತ್ತರ ಮುಗೀತು. ಕೈಯಿಂದ, ಇಲ್ಲಾ ಪ್ಲಾಸ್ಟಿಕ್ ಚಮಚದಿಂದ ಬಳೀರಿ.

ಉಪ್ಪಳದ ವಯರ್‌ಮ್ಯಾನ್

ಸ್ವಂತ ಕೈಯಲ್ಲಿ ಬಿಚ್ಚುವವರಿಗೆ ಹೇಳಿಬಿಡುತ್ತೇನೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಬೋರ್ಡಿನಲ್ಲಿ ಆ ಲೈನಿನ ಎಂಸಿಬಿ ಸ್ವಿಚ್ ಇಳಿಸಿ, ಪ್ಲಗ್ ಎಳೆಯಿರಿ, ಟೆಸ್ಟರ್ ಇಟ್ಟು ನೋಡಿ. ನೀರು ತಣಿಯಲಿ. ಗೀಸರಿಗೆ ನೀರು ಬರುವ ಗೇಟ್ ವಾಲ್ವ್ ಬಂದ್ ಮಾಡಿ, ಬಿಸಿನೀರಿನ ನಲ್ಲಿ ತೆರೆದಿಡಿ, ಆಮೇಲೆ ಕೆಳಗಿನ ತಣ್ಣೀರಿನ ಪೈಪ್ ಬಿಚ್ಚಿ. ನಲ್ಲಿ ತೆರೆಯದಿದ್ದರೆ ಗಾಳಿ ಒಳಗೆ ಹೋಗದೆ ನೀರು ಇಳಿಯುವುದಿಲ್ಲ. ಆಗ ನೀವು ಖಾಲಿ ಆಯಿತೆಂದು ಪ್ಲೇಟ್ ತೆಗೆಯುತ್ತೀರಿ, 25 ಲೀಟರ್ ಅಂಗಿಯ ಮೇಲೆ.

ವಯರ್ ಬಿಡಿಸುವ ಮೊದಲು ಮೊಬೈಲಲ್ಲಿ ಫೋಟೋ ತೆಗೆಯಿರಿ. ರಬ್ಬರ್ ವಾಶರ್ ಹಳತು ಹಾಕಬೇಡಿ. ಬೋಲ್ಟ್ ಒಂದರ ಎದುರು ಒಂದರಂತೆ ಬಿಗಿಯಿರಿ. ಕೊನೆಗೆ, ಬಿಸಿನೀರಿನ ನಲ್ಲಿಯಲ್ಲಿ ನೀರು ತುಂಬಿ ಬರುವ ತನಕ ಕರೆಂಟ್ ಕೊಡಬೇಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಉರಿದರೆ ನಿಮಿಷಗಳ ಆಟ.

ವಾರಂಟಿ ಇದ್ದರೆ ಕೈ ಹಾಕಬೇಡಿ. ಕಂಪನಿಯವರನ್ನೇ ಕರೆಯಿರಿ, ಮತ್ತು ಬಂದವರ ಎದುರಿಗೆ ನಿಂತು "ಆನೋಡ್ ತೋರಿಸಿ" ಎನ್ನಿ. ಕಾರ್ಡಿನ ಸಣ್ಣಕ್ಷರವನ್ನೂ ಓದಿ. ಎಷ್ಟೋ ಕಾರ್ಡಿನಲ್ಲಿ ನೀರು ಇಂತಿಷ್ಟೇ ಗಡಸು ಇರಬೇಕು ಎಂದು ಬರೆದಿರುತ್ತದೆ.

ದುಬೈ–ಮಂಜೇಶ್ವರ

ನಮ್ಮ ಕಥೆ ಬೇರೆ. ಮನೆ ಹತ್ತು ತಿಂಗಳು ಬೀಗ. ರಜೆಯಲ್ಲಿ ಬಂದು ಗೀಸರ್ ಹಾಕಿದರೆ ಕೊಳೆತ ಮೊಟ್ಟೆ ವಾಸನೆ! ನನ್ನ ಹೆಂಡತಿ ಬಾತ್‌ರೂಮಿನಲ್ಲಿ ಇಲಿ ಸತ್ತಿದೆ ಎಂದು ಇಡೀ ಮನೆ ಹುಡುಕಿಸಿದಳು.

ಮಡಕಶಿರಾ ಮೇಡಂ

ಇಲಿ ಅಲ್ಲ ಅಣ್ಣ. ನಿಂತ ನೀರಲ್ಲಿ ಗಂಧಕ ತಿನ್ನುವ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮ್ಯಾಗ್ನೀಸಿಯಂ ಕಡ್ಡಿ ಅದಕ್ಕೆ ಅನುಕೂಲ ಮಾಡಿಕೊಡುತ್ತದೆ. ಊರು ಬಿಡುವಾಗ ಕರೆಂಟ್ ತೆಗೆದು ಟ್ಯಾಂಕ್ ಖಾಲಿ ಮಾಡಿ ಹೋಗಿ. ಬಂದಾಗ ತುಂಬಿಸಿ, 60 ಡಿಗ್ರಿಗೆ ಕಾಯಿಸಿ, ಆ ಮೊದಲ ನೀರು ಚೆಲ್ಲಿಬಿಡಿ. ಕಡ್ಡಿ ಕಿತ್ತು ಹಾಕಿ ವಾಸನೆ ಹೋಗಿಸುವವರೂ ಇದ್ದಾರೆ. ಆಮೇಲೆ ಟ್ಯಾಂಕಿನ ಗತಿ ಬಾವಿಕಟ್ಟೆ ಅಣ್ಣನ ಹಾಗೆ.

ದುಬೈ–ಮಂಜೇಶ್ವರ

ಅದು ಸರಿ. ಇನ್ನೊಂದು ಸಂಶಯ. ಗೀಸರ್ ಬದಿಯ ವಾಲ್ವಿನಿಂದ ಕಾಯುವಾಗೆಲ್ಲ ನೀರು ತೊಟ್ಟಿಕ್ಕುತ್ತದೆ. ನಮ್ಮ ಭಾವ ಬಂದು ಅದಕ್ಕೆ ಎಂಡ್ ಕ್ಯಾಪ್ ಹಾಕಿ, ಮೇಲಿಂದ ಎಂ‑ಸೀಲ್ ಮೆತ್ತಿ, "ಇನ್ನು ಒಂದು ಹನಿ ಬಿದ್ದರೆ ಕೇಳಿ" ಎಂದು ಹೋದರು. ನಿಜವಾಗಿಯೂ ಒಂದು ಹನಿ ಬೀಳುವುದಿಲ್ಲ.

ಉಪ್ಪಳದ ವಯರ್‌ಮ್ಯಾನ್

ದಯವಿಟ್ಟು ಈಗಲೇ ಎದ್ದು ಹೋಗಿ ಗೀಸರಿನ ಎಂಸಿಬಿ ಇಳಿಸಿ. ಆಮೇಲೆ ಓದಿ.

ಅದು ಸೇಫ್ಟಿ ವಾಲ್ವ್. ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ನೀರು 25 ಡಿಗ್ರಿಯಿಂದ 65ಕ್ಕೆ ಹೋದರೆ ಸುಮಾರು 400 ಮಿಲಿಲೀಟರ್ ಜಾಸ್ತಿ ಆಗುತ್ತದೆ, ಹೆಚ್ಚುಕಮ್ಮಿ ಎರಡು ಗ್ಲಾಸು. ಇನ್ಲೆಟ್‌ನಲ್ಲಿ ನೀರು ಹಿಂದೆ ಹೋಗದ ವಾಲ್ವ್ ಇರುವುದರಿಂದ ಆ ನೀರಿಗೆ ಬೇರೆ ದಾರಿ ಇಲ್ಲ. ಅಲ್ಲಿಂದಲೇ ತೊಟ್ಟಿಕ್ಕಬೇಕು. ಕಾಯುವಾಗ ತೊಟ್ಟಿಕ್ಕಿದರೆ ಅದು ಸರಿಯಿದೆ ಎಂದು ಅರ್ಥ. ತಣ್ಣಗಿರುವಾಗಲೂ ಸುರಿಯುತ್ತಿದ್ದರೆ ಮಾತ್ರ ವಾಲ್ವ್ ಕೆಟ್ಟಿದೆ, ಅಥವಾ ಪ್ರೆಶರ್ ಪಂಪಿನ ಒತ್ತಡ ಜಾಸ್ತಿ ಉಂಟು.

ಬಾಯಿ ಕಟ್ಟಿದ ಗೀಸರಿನಲ್ಲಿ ಥರ್ಮೋಸ್ಟಾಟ್ ಅಂಟಿಕೊಂಡು, ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಕಟೌಟೂ ಕೆಲಸ ಮಾಡದಿದ್ದರೆ ಅದು ಬಾಂಬು. ಗೋಡೆ ಒಡೆದು ಹೋದದ್ದೂ ಉಂಟು. ಭಾವನಿಗೆ ನಮಸ್ಕಾರ ಹೇಳಿ, ಕ್ಯಾಪ್ ತೆಗೆಸಿ. ಎಂ‑ಸೀಲ್ ಹೊಕ್ಕ ಆ ವಾಲ್ವ್ ಮತ್ತೆ ಬಳಸಬೇಡಿ, ಹೊಸದು ಹಾಕಿಸಿ. ಹನಿ ಬೀಳುವಲ್ಲಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ ನೆಲದ ಜಾಲಿಗೆ ಬಿಡಿ.

ದುಬೈ–ಮಂಜೇಶ್ವರ

ಎಂಸಿಬಿ ಇಳಿಸಿದೆ. ಕೈ ನಡುಗುತ್ತಾ ಉಂಟು ಮಾರಾಯ್ರೆ. ನಾಳೆ ಬೆಳಗ್ಗೆ ಪ್ಲಂಬರ್ ಬರುತ್ತಾರೆ.

ಹೊಸೂರು ರೋಜ

ಇಲ್ಲಿ ಡಿಸೆಂಬರ್ ಚಳಿಗೆ ನಮ್ಮ ಮಾವ ಗೀಸರನ್ನು ದಿನವಿಡೀ ಆನ್ ಇಡುತ್ತಾರೆ. "ಪದೇ ಪದೇ ಹಾಕಿ ತೆಗೆದರೆ ಜಾಸ್ತಿ ಕರೆಂಟ್" ಎಂದು ವಾದ. ಸತ್ಯವಾ?

ಮಡಕಶಿರಾ ಮೇಡಂ

ಇಲ್ಲ. ಇಟ್ಟ ಬಿಸಿ ಹೊರಗೆ ಸೋರುತ್ತದೆ, ಅದನ್ನು ತುಂಬಲು ದಿನವಿಡೀ ಕಾಯಿಲ್ ಹತ್ತಿ ಆರುತ್ತದೆ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಒಂದು ಯೂನಿಟ್ ಸಾಕು. 2 ಕಿಲೋವ್ಯಾಟ್ ಕಾಯಿಲಿಗೆ ಅದು ಅರ್ಧ ಗಂಟೆ ಕೆಲಸ. ಹೊಸೂರಿನ ಚಳಿಗೆ ಇನ್ನೊಂದು ಹತ್ತು ನಿಮಿಷ ಸೇರಿಸಿ. ನಿಮ್ಮ ಮಾವನವರಿಗೆ ನಲವತ್ತು ನಿಮಿಷ ಮೊದಲು ಹಾಕಿಕೊಡಿ, ವಾದ ಬೇಡ.

ಸುರಂಗದ ನೀರು (ಬಾಯಾರು)

ಅರ್ತಿಂಗ್ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮುರಕಲ್ಲಿನ ಗುಡ್ಡದಲ್ಲಿ ಮಾರ್ಚ್ ಬಂತೆಂದರೆ ಅರ್ತಿಂಗ್ ಹೊಂಡ ಒಣಗಿ ಬಿರುಕು ಬಿಡುತ್ತದೆ. ಒಣ ಮುರದಲ್ಲಿ ಕರೆಂಟ್ ಇಳಿಯುವುದು ಕಷ್ಟ. ಒಮ್ಮೆ ಬಿಸಿನೀರಿನ ನಲ್ಲಿ ಮುಟ್ಟಿದಾಗ ಜುಮ್ ಎಂದಿತು. ಕಾಯಿಲಿನ ಹೊದಿಕೆ ಸೀಳಿತ್ತು, ಅರ್ತಿಂಗೂ ಸತ್ತಿತ್ತು. ಅಂದಿನಿಂದ ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡಪಾನ ನೀರು ಆ ಹೊಂಡಕ್ಕೆ. ಅಡಿಕೆ ಗಿಡಕ್ಕೆ ಬಿಡುವಾಗ ಅದಕ್ಕೂ ಬಿಡುತ್ತೇನೆ.

ಉಪ್ಪಳದ ವಯರ್‌ಮ್ಯಾನ್

ಒಳ್ಳೆಯದು ಮಾಡಿದ್ದೀರಿ. ಅದರ ಜೊತೆಗೆ, ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಅದು ಪದೇ ಪದೇ ಬಿದ್ದರೆ ಬೈದು ನೇರ ಕನೆಕ್ಷನ್ ಕೊಡಬೇಡಿ, ಕಾಯಿಲ್ ಒಡೆದಿದೆಯಾ ನೋಡಿಸಿ. 2 ಕಿಲೋವ್ಯಾಟ್ ಗೀಸರ್ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಸಾಕೆಟ್, 2.5 ಚದರ ಮಿಲಿಮೀಟರ್ ತಾಮ್ರದ ವಯರ್. ಪ್ಲಗ್ಗಿನ ಕಾಲು ಕಪ್ಪಾಗಿದ್ದರೆ, ಮುಟ್ಟಿದಾಗ ಸುಟ್ಟರೆ, ಸಾಕೆಟ್ ಬದಲಿಸಿ. ಗುಡುಗು ಮಿಂಚು ಇದ್ದರೆ ಪ್ಲಗ್ ಎಳೆದಿಡಿ, ಬಿಸಿನೀರು ಆಮೇಲೆ.

ಚಾದರ ಸೊಲ್ಲಾಪುರ

ನಾ ಈ ಗದ್ದಲಾನೇ ಬ್ಯಾಡ ಅಂತ ಮಾಳಗಿ ಮ್ಯಾಲೆ ಸೋಲಾರ್ ಹಾಕಿಸೀನಿ. ಬಿಸಿಲು ನಮಗ ಬೇಕಾದಷ್ಟು. ಆದರ ಗಡಸು ನೀರು ಅಲ್ಲೂ ಬಿಡಂಗಿಲ್ಲ. ಗಾಜಿನ ನಳಿಗಿ ತಳದಾಗ ಸುಣ್ಣ ಕೂತಿರ್ತದ, ವರ್ಷಕ್ಕೊಮ್ಮೆ ಕಳಚಿ ತೊಳೀಬೇಕು.

ಸಮುದ್ರದಂಡೆ (ಕಾಸರಗೋಡು)

ನಮಗೆ ಜೂನಿನಿಂದ ಸೆಪ್ಟೆಂಬರ್ ತನಕ ಸೂರ್ಯನೇ ರಜೆ. ಅದರಲ್ಲೂ ಒಂದು ಕಾಯಿಲ್ ಬೇಕಾಗುತ್ತದೆ.

ಬಾವಿಕಟ್ಟೆ (ಬದಿಯಡ್ಕ)

ಎಲ್ಲರಿಗೂ ಉಪಕಾರ ಆಯಿತು. ಹೊಸ ಗೀಸರ್ ಬಂತು, ಗಾಜಿನ ಲೇಪದ್ದು. ಗೋಡೆಗೆ ಏರಿಸುವ ಮೊದಲೇ ಪ್ಲೇಟ್ ತೆಗೆಸಿ ಕಡ್ಡಿಯ ಅಳತೆ ಬರೆದಿಟ್ಟುಕೊಂಡಿದ್ದೇನೆ. ಒಂದು ಕಡ್ಡಿ ಹೆಚ್ಚಿಗೆ ತಂದು ಕಪಾಟಿನಲ್ಲೂ ಇಟ್ಟೆ. ಅಂಗಡಿಯವನಿಗೆ ಆಶ್ಚರ್ಯ, "ಇದನ್ನು ಕೇಳಿಕೊಂಡು ಬಂದವರು ನೀವೇ ಮೊದಲು" ಎಂದ.

ಹಾಗೆಯೇ ಮಾವನ ಮನೆಯ ಮೂರು ವರ್ಷದ ಗೀಸರನ್ನೂ ಬಿಚ್ಚಿದೆ. ಅದರಲ್ಲಿ ಕಡ್ಡಿ ಪೆನ್ಸಿಲಿನಷ್ಟು ಉಳಿದಿತ್ತು. ಬದಲಿಸಿದೆ. ಮಾವ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದರು, ಕೊನೆಗೆ ಕಾಫಿ ಕೊಟ್ಟು ಕಾರಿನ ಎಸಿಯನ್ನೂ ನೋಡುತ್ತೀಯಾ ಎಂದರು.

ಮರೆಯದೆ ಇರಲು ದಿನ ಗೊತ್ತು ಮಾಡಿದ್ದೇನೆ. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಅಮ್ಮ ಹೇಗೂ ಹಂಡೆಯನ್ನು ಹುಣಸೆ ಹುಳಿ ಹಾಕಿ ಉಜ್ಜುತ್ತಾರೆ. ಅದೇ ದಿನ ನಾನು ಗೀಸರ್ ಬಿಚ್ಚುವುದು. ಅಮ್ಮನಿಗೆ ಈ ಏರ್ಪಾಡು ತುಂಬಾ ಹಿಡಿಸಿದೆ. ಹಂಡೆಗೆ ಸುತ್ತುವ ಬಳ್ಳಿಯಲ್ಲಿ ಒಂದು ತುಂಡು ಗೀಸರಿಗೂ ಕಟ್ಟುತ್ತಾರಂತೆ.

ಉಪ್ಪಳದ ವಯರ್‌ಮ್ಯಾನ್

ಕಟ್ಟಲಿ ಅಣ್ಣ. ವಾಲ್ವಿನ ಬಾಯಿಗೆ ಮಾತ್ರ ಬೇಡ.